ಬಲಗಾಲಿನ ಹಿಮ್ಮಡಿ

ತೊಟ್ಟಿಯ ನೀರು ಇನ್ನೂ ತುಳುಕುತ್ತಿತ್ತು. ಇಸ್ತ್ರಿ ಅಮ್ಮ ಎರಡೂ ಅಂಗೈಗಳಿಂದ ಮುಖದ ನೀರನ್ನು ಒರೆಸಿಕೊಂಡು, ಕೆಮ್ಮಿ, ಕಣ್ಣು ಬಿಟ್ಟಳು. ಅವಳನ್ನು ಹಿಂದಕ್ಕೆ ವಾಲಿಸಿ, ಮುಳುಗಿಸಿ, ಎತ್ತಿ ನಿಲ್ಲಿಸಿದ್ದ ಯುವಕ ನಗುತ್ತಾ ಇಬ್ಬರು ಸಾಕ್ಷಿಗಳ ಕಡೆ ತಿರುಗಿದ. ತೊಟ್ಟಿಯ ಆ ತುದಿಯಲ್ಲಿ ನಿಂತಿದ್ದ ಟೈಲರ್ ತಾತ ಕೂಡಲೇ ತಲೆಯಾಡಿಸಿದ. ಈ ತುದಿಯಲ್ಲಿದ್ದ ಇನ್ನೊಬ್ಬ ಸಾಕ್ಷಿ, ಬಿಳಿ ಅಂಗಿಯ ಹುಡುಗ, ಆಡಿಸಲಿಲ್ಲ.

ಅವನು ನೋಡಿದ್ದ. ಅವಳ ತಲೆ, ಹೆಗಲು, ಎದೆಯ ಮೇಲೆ ಕಟ್ಟಿಕೊಂಡ ಕೈ ಎಲ್ಲವೂ ನೀರೊಳಗೆ ಹೋದ ಗಳಿಗೆಯಲ್ಲೇ ಬಲಗಾಲು ಮರದ ತುಂಡಿನ ಹಾಗೆ ಸೆಟೆದು ಮೇಲೆದ್ದಿತ್ತು. ಹಿಮ್ಮಡಿ ಬಿರುಕುಗಳ ಸಮೇತ ಹೊರಗೆ ಬಂದು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಿನುಗಿ, ಮತ್ತೆ ಒಳಗೆ ಹೋಗಿತ್ತು. ಮಾರ್ಮನ್ನರೆಂಬ ಈ ಕ್ರೈಸ್ತ ಪಂಥದಲ್ಲಿ ದೀಕ್ಷಾಸ್ನಾನವೆಂದರೆ ಇಡೀ ದೇಹ ಒಂದೇ ಬಾರಿಗೆ ಮುಳುಗಬೇಕು. ಕೂದಲಿನ ಎಳೆಯೋ ಬಟ್ಟೆಯ ಚುಂಗೋ ಮೇಲೆ ಉಳಿದರೂ ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿ ಮತ್ತೆ ಮುಳುಗಿಸಬೇಕು. ಅದನ್ನು ನೋಡುವುದಕ್ಕೆಂದೇ ಇಬ್ಬರು ಸಾಕ್ಷಿಗಳು.

ಗೋಡೆಗೆ ಒರಗಿ ಟವೆಲ್ ಹಿಡಿದು ನಿಂತಿದ್ದ ಇಸ್ತ್ರಿ ಅಮ್ಮನ ಮಗಳು ಆಗಲೇ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅವಳು ನರ್ಸ್. ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದಳು, ಆದರೆ ಇದಕ್ಕೆ ಒಪ್ಪಿ ಬಂದವಳಲ್ಲ. ಮುಳುಗಿಸುವುದು ಒಂದೇ ಸಲ, ಅಮ್ಮನ ಮಂಡಿಗೆ ಏನಾದರೂ ಆದರೆ ಎಬ್ಬಿಸಿಕೊಂಡು ಹೊರಟೆ, ಆಮೇಲೆ ನಿಮ್ಮ ನೆರಳೂ ನಮ್ಮ ಅಂಗಡಿಯ ಮೇಲೆ ಬೀಳಕೂಡದು ಎಂದು ಬಾಗಿಲಲ್ಲೇ ಷರತ್ತು ಹಾಕಿದ್ದಳು. ವಾರವೆಲ್ಲ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕಿ ಭಾನುವಾರ ಸಭೆಯ ಅಧ್ಯಕ್ಷರಾಗುವ ಸಾಧು ಮನುಷ್ಯ, ಒಂದೇ ಸಲ ಕಣಮ್ಮ ಎಂದು ಮಾತು ಕೊಟ್ಟುಬಿಟ್ಟಿದ್ದರು.

"ಆಯ್ತಲ್ಲಪ್ಪ?" ಎಂದು ನೀರಿನಲ್ಲಿದ್ದ ಯುವಕ ತಲೆಯಾಡಿಸದವನನ್ನು ಕೇಳಿದ.

ಹೀಗೆ ಕೇಳಿದವನು ಅವನ ಜೊತೆಗಾರ; ಮನೆಮನೆಗೆ ಹೋಗಿ ಮತ ಹೇಳುವುದು ಇಬ್ಬರ ಕೆಲಸ. ಮಿಷನರಿಗಳು ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕು; ಊಟ, ನಿದ್ದೆ, ಬಟ್ಟೆ ಒಗೆಯುವುದು ಎಲ್ಲ ಒಟ್ಟಿಗೇ. ಜೊತೆಗಾರ ಈ ಕೆಲಸದಲ್ಲಿ ಪಳಗಿದವನು, ಅಪರಿಚಿತರ ಹೆಗಲ ಮೇಲೆ ಎರಡನೆಯ ಮಾತಿಗೇ ಕೈಹಾಕಬಲ್ಲವನು. ಇವನು ಕರೆಗಂಟೆ ಒತ್ತುವ ಮುಂಚೆ ಬೆವರಿದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಮನೆ ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಅಷ್ಟರಲ್ಲಿ ಎಷ್ಟೋ ಬಾಗಿಲುಗಳು ಮುಖದ ಮೇಲೆ ಮುಚ್ಚಿದ್ದವು. ಬಿಳಿ ಅಂಗಿ, ಟೈ, ಹೆಗಲ ಚೀಲ ನೋಡಿ ನೀರಿನ ಫಿಲ್ಟರ್ ಮಾರುವವರೆಂದು ತಿಳಿದು, ನಮ್ಮದು ಚೆನ್ನಾಗೇ ಇದೆ ಎಂದು ಕಳಿಸಿದವರಿದ್ದರು. ಒಬ್ಬ ಮುದುಕ ಮಧ್ಯಾಹ್ನವಿಡೀ ತನ್ನ ಏಣಿ ಹಿಡಿಸಿಕೊಂಡು, ಗೋಡೆಗೆ ಸುಣ್ಣ ಹೊಡೆದು ಮುಗಿಸಿ, ನನಗೆ ದೇವರಲ್ಲಿ ನಂಬಿಕೆ ಇಲ್ಲಪ್ಪ ಎಂದು ಕೈ ತೊಳೆದುಕೊಂಡಿದ್ದ. ಇವನ ಮಾತಿನಿಂದ ಒಬ್ಬರೂ ಸಭೆಗೆ ಸೇರಿರಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ಅಮ್ಮ, ಯಾರಾದರೂ ಬಂದರೇನಪ್ಪಾ ಎಂದು ಕೇಳುವಾಗ ಅವನು ಹವಾಮಾನದ ವಿಷಯ ತೆಗೆಯುತ್ತಿದ್ದ.

ಇಸ್ತ್ರಿ ಅಮ್ಮ ಬಾಗಿಲು ತಟ್ಟಿ ಸಿಕ್ಕಿದವಳಲ್ಲ. ಅವರ ಬಿಳಿ ಅಂಗಿಗಳು ಅವಳ ಅಂಗಡಿಗೆ ಹೋಗುತ್ತಿದ್ದವು. ಇಷ್ಟೊಂದು ಬಿಳಿ ಯಾಕೆ, ಆಸ್ಪತ್ರೆಯವರಾ, ಹೋಟೆಲಿನವರಾ ಎಂದು ಅವಳೇ ವಿಚಾರಿಸಿದಳು. ಅವರ ಎದೆಯ ಮೇಲಿನ ಪಟ್ಟಿಯಲ್ಲಿರುವ 'ಎಲ್ಡರ್' ಎಂಬುದಕ್ಕೆ ಹಿರಿಯ ಎಂದರ್ಥ ಎಂದು ತಿಳಿದಾಗ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನಕ್ಕಿದ್ದಳು. "ಮೀಸೆ ನೆಟ್ಟಗೆ ಮೂಡಿಲ್ಲ, ಹಿರಿಯನಂತೆ. ಬಾಪ್ಪಾ ಹಿರಿಯಾ, ಆ ಸ್ಟೂಲ್ ಈಕಡೆ ಎಳಿ." ಅವನು ಸ್ಟೂಲ್ ಎಳೆದ. ಮಾತು ಹಾಗೆ ಶುರುವಾಗಿ ಮಳೆಗಾಲವಿಡೀ ನಡೆಯಿತು. ಅವಳು ಕಾಲರ್ ತೀಡುತ್ತಾ ಕೇಳುತ್ತಿದ್ದಳು, ಅವನು ಮಡಿಸಿದ ಬಟ್ಟೆ ಜೋಡಿಸುತ್ತಾ ತಮ್ಮ ಧರ್ಮದ ವಿಷಯ ಹೇಳುತ್ತಿದ್ದ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಿದ್ದ. ಜೊತೆಗಾರ ಆಮೇಲೆ ಬೀದಿಯಲ್ಲಿ, ಅಷ್ಟೊಂದು ಸಲ ಗೊತ್ತಿಲ್ಲ ಅಂದರೆ ಕೇಳುವವರಿಗೆ ನಂಬಿಕೆ ಹೇಗೆ ಬರುತ್ತದೆ ಎಂದು ಗೊಣಗುತ್ತಿದ್ದ.

ಸಭೆಗೆ ಸೇರುವವರು ಚಹಾ ಬಿಡಬೇಕು ಎಂಬ ನಿಯಮಕ್ಕೆ ಬಂದಾಗ ಅವನಿಗೇ ಅಳುಕಿತ್ತು. ಅವಳ ಮೇಜಿನ ಮೂಲೆಯಲ್ಲಿ ಲೋಟ ಖಾಲಿಯಾಗಿದ್ದನ್ನು ಅವನು ಕಂಡಿರಲಿಲ್ಲ. ಕದ್ದು ಒಂದು ಲೋಟ ಕುಡಿದರೆ ನಿಮ್ಮವರು ಬಂದು ನೋಡುತ್ತಾರಾ ಎಂದು ಅವಳು ಕೇಳಿದಳು. ಯಾರೂ ನೋಡುವುದಿಲ್ಲ ಎಂದ. ಅವಳು ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹಾಗಾದ್ರೆ ಬಿಟ್ಟೇಬಿಡ್ತೀನಿ. ನೋಡೋರಿದ್ದಿದ್ರೆ ಕದ್ದು ಕುಡೀಬೋದಿತ್ತು."

ವಾರವಿಡೀ ಅವಳಿಗೆ ತಲೆ ಸಿಡಿಯಿತು. ಆಗಲೇ ಮಗಳು ಅಂಗಡಿಗೆ ಬಂದು ಅವನನ್ನು ಹಿಡಿದು ನಿಲ್ಲಿಸಿದ್ದು. ನಮ್ಮಮ್ಮನಿಗೆ ಇದ್ದದ್ದೇ ಒಂದು ಸುಖ, ಅದನ್ನೂ ಕಿತ್ತುಕೊಂಡಿರಿ, ತಲೆಗೆ ಇಷ್ಟು ಅಂತ ನಿಮಗೇನು ಸಿಗುತ್ತದೆ ಎಂದು ಕೇಳಿದಳು. ಏನೂ ಸಿಗುವುದಿಲ್ಲ ಎಂದು ಅವನು ಹೇಳಿದ. ಹೇಳಿದ ಮೇಲೆ, ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಫೋನಿನಲ್ಲಿ ತನ್ನಮ್ಮನಿಗೆ ಹೇಳಲು ಒಂದು ಉತ್ತರ ಸಿಗುತ್ತದೆ. ಇಸ್ತ್ರಿ ಅಮ್ಮನ ಮುಂದೆ ಕೂತು ಮಾತಾಡಿದ್ದರಲ್ಲಿ ಎಷ್ಟು ಭಾಗ ಅವಳಿಗಾಗಿ, ಎಷ್ಟು ಭಾಗ ಆ ಉತ್ತರಕ್ಕಾಗಿ ಎಂದು ಅಂದಿನಿಂದ ಅವನು ಅಳೆಯುತ್ತಲೇ ಇದ್ದ.

ಈಗ ತಲೆಯಾಡಿಸಿಬಿಟ್ಟರೆ ಆ ಉತ್ತರ ಕೈಗೆ ಬರುತ್ತದೆ. ಆಡಿಸದಿದ್ದರೆ ಮಗಳು ಅವಳನ್ನು ಕರೆದುಕೊಂಡು ಹೋಗುತ್ತಾಳೆ.

"ಇಲ್ಲ. ಹಿಮ್ಮಡಿ ಮೇಲೆ ಬಂತು," ಎಂದ.

ಕೋಣೆಯಲ್ಲಿ ಯಾರೋ ಕುರ್ಚಿ ಸರಿಸಿದರು. ಅಧ್ಯಕ್ಷರು ಟೈಲರ್ ತಾತನನ್ನು ಕೇಳಿದರು. ತಾತ, ನನಗೇನೋ ಆದ ಹಾಗೇ ಕಂಡಿತು, ಆದರೆ ಕನ್ನಡಕದ ಮೇಲೆ ನೀರು ಸಿಡಿದಿದೆ ಎಂದ. ಮಗಳು ಮೊದಲು ಅಧ್ಯಕ್ಷರನ್ನು, ಆಮೇಲೆ ಅವನನ್ನು ನೋಡಿದಳು.

"ಅಂದ್ರೆ ನಮ್ಮಮ್ಮ ಪೂರ್ತಿ ಸ್ವರ್ಗಕ್ಕೆ ಹೋಗಿ, ಹಿಮ್ಮಡಿ ಒಂದು ಹೊರಗಡೆ ಉಳಿಯುತ್ತಾ?"

ಹಿಂದಿನ ಸಾಲಿನಲ್ಲಿ ಇಬ್ಬರು ನಕ್ಕರು. ಜೊತೆಗಾರ ತೊಟ್ಟಿಯ ಅಂಚಿಗೆ ಬಂದು ತಗ್ಗಿದ ದನಿಯಲ್ಲಿ, ಆ ಕಾಲು ಮಡಚುವುದಿಲ್ಲ ಅಂತ ನಿನಗೂ ಗೊತ್ತು, ದೇವರೇನು ಟೇಪು ಹಿಡಿದುಕೊಂಡು ಕೂತಿಲ್ಲ, ತಲೆಯಾಡಿಸಿಬಿಡು ಎಂದ.

"ದೇವರು ಬಿಡಬೋದು ಕಣೋ. ನನ್ನನ್ನ ನಿಲ್ಸಿರೋದು ನೋಡಕ್ಕೆ. ನೋಡಿದ್ದನ್ನ ನೋಡಿಲ್ಲ ಅನ್ನಲ್ಲ."

ಮಗಳು ಟವೆಲ್ ಬಿಡಿಸಿ ಹಿಡಿದು, ಸಾಕು, ಬಾ ಎಂದು ಕರೆದಳು. ಒಂದೇ ಸಲ ಎಂದು ಮಾತಾಗಿತ್ತಲ್ಲ ಎಂದು ಅಧ್ಯಕ್ಷರಿಗೆ ನೆನಪಿಸಿದಳು.

"ಮಾತು ಕೊಟ್ಟೋರು ಅವ್ರು. ನನ್ನನ್ನ ಯಾರೂ ಕೇಳಿಲ್ಲ," ಎಂದಳು ಇಸ್ತ್ರಿ ಅಮ್ಮ. ಒದ್ದೆ ಕೂದಲು ಹಣೆಗೆ ಅಂಟಿತ್ತು. "ಒಂದು ಸುಕ್ಕು ಉಳಿದ್ರೂ ಗಿರಾಕಿ ಬಟ್ಟೆ ವಾಪಸ್ ಕೊಡ್ತಾನೆ. ನಾನು ಬಾಯಿ ಮುಚ್ಕೊಂಡು ಇನ್ನೊಂದ್ಸಲ ತೀಡಲ್ವಾ? ಈ ಹುಡುಗ ವಾಪಸ್ ಕೊಟ್ಟಿದಾನೆ. ಹೂಂ, ನಡೀರಿ."

ಎರಡನೆಯ ಸಲ ಜೊತೆಗಾರ ಪ್ರಾರ್ಥನೆಯನ್ನು ಬೇಗಬೇಗ ಹೇಳಿ, ಅವಳನ್ನು ಮೊದಲಿಗಿಂತ ಆಳಕ್ಕೆ ಒತ್ತಿದ. ಮೂಗಿಗೆ ನೀರು ಹೋಗಿ ಅವಳು ಒದ್ದಾಡಿದಳು. ಈ ಸಲ ಹಿಮ್ಮಡಿಯಷ್ಟೇ ಅಲ್ಲ, ಪಾದವೇ ಮೇಲೆದ್ದಿತು. ಎದ್ದು ನಿಂತವಳು ಏದುಸಿರು ಬಿಡುತ್ತಾ ಬೇರೆ ಯಾರ ಕಡೆಗೂ ತಿರುಗದೆ ನೇರ ಅವನನ್ನೇ ನೋಡಿದಳು. ಅವನು ಇಲ್ಲ ಎಂದು ತಲೆಯಾಡಿಸಿದ.

ಮಗಳು ಶೂ ಹಾಕಿಕೊಂಡೇ ತೊಟ್ಟಿಯ ಮೊದಲನೆಯ ಮೆಟ್ಟಿಲಿಗೆ ಇಳಿದುಬಿಟ್ಟಳು. ಬಲಗಾಲಿನೊಳಗೆ ಒಂದು ಸ್ಟೀಲ್ ಪ್ಲೇಟ್ ಇದೆ, ಅದು ಅಲುಗಾಡಿದರೆ ಮತ್ತೆ ಆಪರೇಷನ್, ಆಗ ನಿಮ್ಮಲ್ಲಿ ಯಾರು ಬಂದು ಮಲ ಮೂತ್ರ ತೆಗೆಯುತ್ತೀರಿ ಎಂದು ಒಬ್ಬೊಬ್ಬರ ಮುಖ ನೋಡಿ ಕೇಳಿದಳು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ತನ್ನ ಹಟದಿಂದ ಆ ಕಾಲು ಮುರಿದರೆ ಎಂದು ಅವನು ನೀರೊಳಗಿನ ಮಂಡಿಯನ್ನೇ ನೋಡಿದ.

ಇಸ್ತ್ರಿ ಅಮ್ಮ ತೊಟ್ಟಿಯ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡು ನಿಂತೇ ಇದ್ದಳು. ಹಿಂದಕ್ಕೆ ಬೀಳುವುದು ತನ್ನಿಂದಾಗದು, ಹಿಂದೊಮ್ಮೆ ಮೆಟ್ಟಿಲಿನಿಂದ ಉರುಳಿ ಮಂಡಿ ಮುರಿದದ್ದೂ ಹಾಗೇ ಹಿಂದಕ್ಕೆ ಬಿದ್ದು, ಬೆನ್ನು ವಾಲಿದ ತಕ್ಷಣ ಕಾಲು ತಾನಾಗಿ ಸೆಟೆಯುತ್ತದೆ ಎಂದಳು. ಮುಂದಕ್ಕಾದರೆ ಹೋಗಬಲ್ಲೆ. ಅಂಗಡಿಯಲ್ಲಿ ಕೆಳಗೆ ಬಿದ್ದ ಗುಂಡಿ ಎತ್ತಿಕೊಳ್ಳುವುದು ಹಾಗೇ: ಎಡಗಾಲು ಮಡಚಿ, ಬಲಗಾಲನ್ನು ನೆಲದ ಮೇಲೆ ಹಿಂದಕ್ಕೆ ಜಾರಿಸಿ, ತಲೆ ತಗ್ಗಿಸಿ.

ಅಧ್ಯಕ್ಷರು ಗಲ್ಲ ಕೆರೆದುಕೊಂಡರು. ಎಲ್ಲರನ್ನೂ ಹಿಂದಕ್ಕೇ ವಾಲಿಸುತ್ತಾ ಬಂದಿದ್ದೇವೆ, ಬೇರೆ ಥರ ಮಾಡಿದ್ದು ತಾನು ಕಂಡಿಲ್ಲ, ಮಿಷನ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳುವುದು ಒಳ್ಳೆಯದು ಎಂದರು. ಜೊತೆಗಾರನೂ ಅದೇ ಸರಿ ಎಂದ. ಅಷ್ಟು ಹೊತ್ತು ನೆಲಕ್ಕೆ ಅಂಟಿದಂತೆ ನಿಂತಿದ್ದವನು ತೊಟ್ಟಿಯ ಅಂಚಿಗೆ ಬಂದ.

"ಫೋನ್ ಎತ್ತೋವರೆಗೂ ಇವರು ನೀರಲ್ಲೇ ನಿಂತಿರಬೇಕಾ ಸಾರ್? ಮುಳುಗಬೇಕು ಅಂತ ಇದೆ. ಯಾವ ಕಡೆಗೆ ಅಂತ ಇಲ್ಲ."

"ಇಲ್ವಾ?"

"ಇಲ್ಲ. ಓದಿದೀನಿ. ಎಲ್ಲೂ ಇಲ್ಲ."

ತಪ್ಪಾದರೆ ತನ್ನನ್ನು ಮನೆಗೆ ಕಳಿಸಲಿ ಎಂದೂ ಹೇಳಿದ. ಒಂದು ಹಿಮ್ಮಡಿಗೆ ಎರಡೆರಡು ಸಲ ಅಡ್ಡ ನಿಂತ ಈ ಹುಡುಗ ಈಗ ಪದ್ಧತಿಯನ್ನೇ ತಿರುಗಿಸಿ ಹಾಕುತ್ತಿದ್ದಾನಲ್ಲ ಎಂದು ಟೈಲರ್ ತಾತ ಪಕ್ಕದವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಅಧ್ಯಕ್ಷರು ಸರಿ ಎಂಬಂತೆ ಕೈ ಬೀಸಿದರು. ಜೊತೆಗಾರ ಮಾತ್ರ, ಮುಂದಕ್ಕೆ ಮುಳುಗಿಸಿ ತನಗೆ ರೂಢಿಯಿಲ್ಲ, ಹೆಚ್ಚುಕಡಿಮೆಯಾದರೆ ಹಿಡಿತ ತಪ್ಪುತ್ತದೆ ಎಂದ. ಅದರಲ್ಲಿ ಸಿಟ್ಟಿರಲಿಲ್ಲ, ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು.

"ಹಾಗಿದ್ರೆ ಅವನೇ ಇಳೀಲಿ," ಎಂದಳು ಇಸ್ತ್ರಿ ಅಮ್ಮ. "ದಡದಲ್ಲಿ ನಿಂತು ತಪ್ಪು ಹುಡುಕಿದ್ದು ಸಾಕು."

ಸಾಮಾನಿನ ಕೋಣೆಯಲ್ಲಿ ಇಬ್ಬರೂ ಬಟ್ಟೆ ಬದಲಾಯಿಸಿಕೊಂಡರು. ಜೊತೆಗಾರನ ಒದ್ದೆ ಬಿಳಿ ಪ್ಯಾಂಟು ಅವನಿಗೆ ದೊಗಳೆಯಾಯಿತು. ಸೊಂಟಕ್ಕೆ ಪರದೆಯ ದಾರ ಕಟ್ಟಿಕೊಂಡ. ಜೊತೆಗಾರ ಗಂಟು ಬಿಗಿ ಮಾಡಿಕೊಟ್ಟು, ಪ್ರಾರ್ಥನೆಯಲ್ಲಿ ಒಂದು ಪದ ತಪ್ಪಿದರೂ ಈಗ ನಾನೇ ಸಾಕ್ಷಿ, ಬಿಡುವುದಿಲ್ಲ ನೋಡು ಎಂದ. ಆ ದಿನ ಅವರಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೊಂದೇ ಸಲ.

ಹೊರಗೆ ಬಂದಾಗ ಮಗಳು ಹಿಂಬದಿಯ ಒಲೆಯ ಮೇಲಿದ್ದ ಬಿಸಿನೀರನ್ನು ಬಕೆಟ್ಟಿನಲ್ಲಿ ತಂದು, ತಾಯಿಗೆ ತಾಗದ ಹಾಗೆ ತೊಟ್ಟಿಯ ಮೂಲೆಯಲ್ಲಿ ಸುರಿಯುತ್ತಿದ್ದಳು. ಇದು ನಿಮ್ಮ ದೇವರಿಗಲ್ಲ, ಮಂಡಿಗೆ ಎಂದು ಅಧ್ಯಕ್ಷರಿಗೆ ಹೇಳಿದಳು. ಅವನು ಮೆಟ್ಟಿಲಿಳಿಯುವಾಗ ದಾರಿ ಬಿಡದೆ ಒಂದು ಗಳಿಗೆ ಅಡ್ಡ ನಿಂತಳು.

"ಕೈ ಅಮ್ಮನ ಸೊಂಟದ ಕೆಳಗಿರಲಿ. ಬಲಗಾಲು ಮುಟ್ಬೇಡ, ಅದು ತಾನೇ ಬರುತ್ತೆ."

ನೀರು ಅವನ ಎದೆಯ ಕೆಳಗಿತ್ತು. ಇಸ್ತ್ರಿ ಅಮ್ಮನ ಬೆರಳುಗಳು ಅವನ ಮುಂಗೈಯನ್ನು ಹಿಡಿದವು. ತುದಿಗಳಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಹಳೆಯ ಗಂಟುಗಳಿದ್ದವು. ಅವನು ಬಲಗೈ ಎತ್ತಿ, ಅವಳ ಪೂರ್ತಿ ಹೆಸರು ಹಿಡಿದು ಕರೆದು, ಪ್ರಾರ್ಥನೆ ಹೇಳಿದ. ಒಂದೊಂದು ಪದವನ್ನೂ ಕಾಲಿಟ್ಟು ನೋಡಿ ದಾಟುವವನ ಹಾಗೆ ಹೇಳಿದ. ಅವಳು ಎಡಗಾಲು ಮಡಚಿದಳು, ಬಲಗಾಲು ತಳದ ಮೇಲೆ ಮೆಲ್ಲಗೆ ಹಿಂದಕ್ಕೆ ಜಾರಿತು. ಹಣೆ, ಕಿವಿ, ನೆತ್ತಿಯ ಮೇಲಿನ ನರೆಗೂದಲು ಒಂದಾದ ಮೇಲೊಂದು ಒಳಗೆ ಹೋದವು. ಉಬ್ಬಿ ನಿಂತಿದ್ದ ಬಿಳಿ ನಿಲುವಂಗಿಯನ್ನು ಅವನು ಬೆನ್ನಿನ ಮೇಲೆ ಅಂಗೈಯಿಟ್ಟು ಒತ್ತಿದ. ನೀರು ಅವಳ ಮೇಲೆ ಮುಚ್ಚಿಕೊಂಡಿತು.

ಅವಳು ಎದ್ದಾಗ ಜೊತೆಗಾರ, ಆಯ್ತು ಎಂದ. ಟೈಲರ್ ತಾತ ಈ ಸಲ ಕನ್ನಡಕ ಒರೆಸಿಕೊಂಡು, ತೊಟ್ಟಿಯ ಅಂಚಿಗೆ ಎದೆಯಾನಿಸಿ ಬಗ್ಗಿ ನೋಡಿದ್ದ. ತಾತ ಅವಸರ ಮಾಡಲಿಲ್ಲ. ಮೀಸೆಗೆ ಸಿಡಿದ ನೀರನ್ನು ಬೆರಳಿನಿಂದ ತೆಗೆದುಕೊಂಡು, ಪೂರ್ತಿ ಎಂದ.

ಅಧ್ಯಕ್ಷರು ಹಾಡಿಗೆ ಎಲ್ಲರನ್ನೂ ಎಬ್ಬಿಸಿದರು. ಮಗಳು ಟವೆಲ್ ಬಿಡಿಸಿ ಮೆಟ್ಟಿಲ ಬಳಿ ನಿಂತಳು. ಇಸ್ತ್ರಿ ಅಮ್ಮ ಹೊರಗೆ ಬರಲಿಲ್ಲ. ಈಗಷ್ಟೇ ಬೆಚ್ಚಗಾಗಿದೆ, ತಾಳಿ ಎಂದು ಹೇಳಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಗಲ್ಲವನ್ನು ಅದರ ಮೇಲಿಟ್ಟು ಕಣ್ಣು ಮುಚ್ಚಿದಳು. ಅವಳ ಹಿಂದೆ ಬಲಗಾಲು ತಾನಾಗಿ ಮೇಲೆದ್ದು, ಯಾವ ಭಾರವೂ ಇಲ್ಲದೆ, ಹಾಡು ಮುಗಿಯುವವರೆಗೆ ನೀರಿನ ಮೇಲೆ ತೇಲುತ್ತಿತ್ತು.