ಕೌದಿಯ ಮೇಲೆ ಮೂರು ಮಹಡಿ

ರಬ್ಬರು ಸುಟ್ಟ ವಾಸನೆ, ಹೌದು ರಬ್ಬರೇ, ನನ್ನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮಷಿನ್ನಿನ ಪಟ್ಟಾ ಜಾರಿ ಗಾಲಿಗೆ ಉಜ್ಜಿದಾಗ ಬರುತ್ತಿತ್ತಲ್ಲ, ಅದೇ, ಆಗ ನಾನು ಗಾದಿಯ ಮೇಲಿಂದಲೇ ಬಂದ್ ಮಾಡ್ರೋ ಬಂದ್ ಮಾಡ್ರೋ ಎಂದು ಕೂಗಿದರೆ ಇಡೀ ಮಿಲ್ಲು ನಿಲ್ಲುತ್ತಿತ್ತು, ಕುಬೇರಪ್ಪ ಸಾವಕಾರರ ದನಿ ಎಂದರೆ ಹಾಗೆ — ಆದರೆ ಮಿಲ್ಲು ಮಾರಿ ಎಷ್ಟೋ ವರ್ಷವಾಯಿತು, ಇದು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿ, ಇಲ್ಲಿ ಎಲ್ಲಿಯ ಪಟ್ಟಾ, ಹುಲಿಗೆವ್ವ ಕುಕ್ಕರಿನ ರಿಂಗು ಸುಟ್ಟಿರಬೇಕು, ಮನೆಗೆಲಸಕ್ಕೆಂದು ಬರುತ್ತಾಳೆ, ಪಾತ್ರೆ ತಿಕ್ಕುವುದಕ್ಕಿಂತ ಮಾತಾಡುವುದೇ ಹೆಚ್ಚು, ಈಗ ಫ್ಯಾನೂ ನಿಂತಿತು, ಕೆಮ್ಮಲೇ, ಒಂದು ಸಲ ಕೆಮ್ಮಿದರೆ ಚಹಾ, ಎರಡು ಸಲಕ್ಕೆ ನೀರು, ಗಂಟಲು ಕೆರೆದು ಕೆಮ್ಮಿದರೆ ವಾಕರ್ ಹತ್ತಿರ ಸರಿಸು ಎಂದರ್ಥ, ಈ ಭಾಷೆಯನ್ನು ನಾನೂ ಸೊಸೆ ಸೌಮ್ಯಾಳೂ ಯಾರೂ ಕಲಿಸದೆ ಕಲಿತುಕೊಂಡಿದ್ದೇವೆ, ದಾನವ್ವ ಇದ್ದಾಗ ನಡುವೆ ಅವಳಿದ್ದಳು, ನನ್ನ ಹೆಂಡತಿ, ಸೊಸೆಗೆ ಹೇಳಬೇಕಾದ್ದನ್ನು ಅವಳಿಗೆ ಹೇಳುತ್ತಿದ್ದೆ, ಅವಳು ಅಡಿಗೆಮನೆಗೆ ದಾಟಿಸುತ್ತಿದ್ದಳು, ಸೌಮ್ಯಾ ಮದುವೆಯಾಗಿ ಬಂದ ವರ್ಷವೇ ದಾನವ್ವ ಹೋದಳು, ಆಮೇಲೆ ನಾನು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು ರಾಡು ಹಾಕಿಸಿಕೊಂಡು ಬಂದೆ, ಲಿಫ್ಟಿನಲ್ಲಿ ಮೇಲೆ ಬಂದವನು ಕೆಳಗೆ ಇಳಿದದ್ದೇ ಇಲ್ಲ, ಮಗ ಶಿವಯೋಗೀಶ ಬೆಳಗಾದರೆ ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗೆ ಹೋಗುತ್ತಾನೆ, ದಿನವಿಡೀ ಮನೆಯಲ್ಲಿ ನಾವಿಬ್ಬರೇ, ಮಾವನಾದವನು ಸೊಸೆಯೊಡನೆ ನೇರ ಮಾತಾಡುವುದು ನಮ್ಮ ಮನೆತನದಲ್ಲಿ ಇಲ್ಲ, ಅವಳು ಬಾಗಿಲ ಆಚೆ ನಿಂತು ಗೋಡೆಗೆ ಹೇಳುತ್ತಾಳೆ, ಚಹಾ ಇಟ್ಟೇನಿ, ನಾನು ಕಿಟಕಿಗೆ ಹೇಳುತ್ತೇನೆ, ಸಕ್ರಿ ಕಡಿಮಿ ಆತು, ಹೀಗೆ ಗೋಡೆ ಕಿಟಕಿಗಳು ಜಗಳವಿಲ್ಲದೆ ಸಂಸಾರ ಮಾಡಿಕೊಂಡಿವೆ.

ಧಡ್ ಎಂದು ಬಾಗಿಲು ಗೋಡೆಗೆ ಬಡಿಯಿತು, ಸೌಮ್ಯಾ ಒಳಗೇ ಬಂದುಬಿಟ್ಟಿದ್ದಾಳೆ, ತಲೆಯ ಮೇಲೆ ಸೆರಗಿಲ್ಲ, ಕೈಯಲ್ಲಿ ನೀರು ಸುರಿಯುವ ಟವೆಲ್ಲು, ಮಾವಾರ ಏಳ್ರಿ, ಮ್ಯಾಲೆ ಲಿಫ್ಟಿನ ಮೋಟರಿಗೆ ಬೆಂಕಿ ಹತ್ತೇತಿ, ಹೊಗಿ ಕೆಳಗ ಇಳ್ಯಾಕತ್ತೇತಿ, ಲಗೂ ಹೋಗೂಣು — ನನಗೇ ಹೇಳುತ್ತಿದ್ದಾಳೆ, ಗೋಡೆಗಲ್ಲ, ಅವಳ ಹಿಂದೆ ಪಡಸಾಲೆಯಲ್ಲಿ ಕಪ್ಪಗೆ ಏನೋ ಸುರುಳಿ ಸುತ್ತುತ್ತಿದೆ, ಅದು ಹೊಗೆಯೇ, ಕುಕ್ಕರಿನ ರಿಂಗಿನದಲ್ಲ, ಲಿಫ್ಟು ಸತ್ತಿದೆ, ಉಳಿದದ್ದು ಮೆಟ್ಟಿಲು, ವಾಕರ್ ಹಿಡಿದು ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ರೇಡಿಯೋದಲ್ಲಿ ಒಂದು ಹಾಡು ಮುಗಿದು ಇನ್ನೊಂದು ಸುರುವಾಗುತ್ತದೆ, ಇಂಥ ನಾನು ಮೂರು ಮಹಡಿ ಇಳಿಯಲೇ, ನಮ್ಮೂರು ಸುಳ್ಳದ ಗರಡಿಯಲ್ಲಿ ಹಾಲು ಬಾದಾಮಿ ಹಾಕಿ ಬೆಳೆಸಿದ ಮೈ, ಕಾಲು ಸೋತರೂ ತೂಕ ಸೋತಿಲ್ಲ, ನೀವೆಲ್ಲಾ ಹೋಗ್ರಿ, ಗಂಡಸರನ್ನ ಕಳಸ್ರಿ, ಎಂದೆ, ಆಗಲೂ ಕಿಟಕಿಗೇ ಹೇಳಿದೆ ನೋಡು, ಹಾಳು ಅಭ್ಯಾಸ, ಸೌಮ್ಯಾ ಹೇಳುತ್ತಾಳೆ, ಈ ಹೊತ್ತಿನ್ಯಾಗ ಗಂಡಸರು ಎಲ್ಲಿ ಸಿಗತಾರ್ರಿ, ಎಲ್ಲಾರೂ ಕೆಲಸಕ್ಕ ಹೋಗ್ಯಾರ, ವಾಚಮನ್ ಫೈರ್ ಸ್ಟೇಶನ್ನಿಗೆ ಫೋನ್ ಮಾಡಾಕ ಓಡ್ಯಾನ, ಹಂಗಾರ ನೀ ಹೋಗು, ಎಂದೆ, ನೀವು ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ, ಎಂದವಳೇ ಕೂತುಬಿಟ್ಟಳು, ನನ್ನೆದುರಿಗೆ, ನೆಲದ ಮೇಲೆ, ಚಕ್ಕಳಬಕ್ಕಳ ಹಾಕಿಕೊಂಡು, ಊಟಕ್ಕೆ ಕೂತ ಹಾಗೆ, ನನ್ನೆದುರು ದಲಾಲರು ಕೂಡ ಕೇಳಿ ಕೂರುತ್ತಿದ್ದರು, ನನಗೆ ಎಂಥ ಸಿಟ್ಟು ಬಂತೆಂದರೆ ಬೆಂಕಿ ಮರೆತುಹೋಯಿತು, ಏಳು ಮ್ಯಾಲೆ, ನೀವು ಏಳ್ರಿ, ಅವಳ ಕಣ್ಣಿನಿಂದ ನೀರಿಳಿಯುತ್ತಿತ್ತು, ಹೊಗೆಗೋ ಅಂಜಿಕೆಗೋ ತಿಳಿಯದು, ಆದರೆ ಗದ್ದ ಮಾತ್ರ ಗಟ್ಟಿಯಾಗಿ ಮುಂದೆ ಬಂದಿತ್ತು, ಈ ಹುಡುಗಿ ನಿಜವಾಗಿಯೂ ಇಲ್ಲೇ ಕೂರುತ್ತಾಳೆ, ನನ್ನ ಹಠಕ್ಕೆ ಈ ಮಗು ಉಸಿರುಗಟ್ಟುತ್ತದೆ, ಆತು, ಬರತೇನಿ, ಎಂದೆ, ಅವಳ ಮುಖಕ್ಕೇ ಎಂದೆ.

ಹುಲಿಗೆವ್ವ ಪ್ಲಾಸ್ಟಿಕ್ ಕುರ್ಚಿ ತಂದಳು, ಎದುರು ಮನೆಯ ಮದೀನಾಬಿ ಓಡಿ ಬಂದಳು, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು, ಕೊರಳಲ್ಲಿ ಇನ್ನೂ ಅಳತೆಯ ಟೇಪು, ಅಣ್ಣಾರ ಅಂಜಬ್ಯಾಡ್ರಿ ನಾವ್ ಅದೇವಿ ಎನ್ನುತ್ತ ತಾನೇ ನಡುಗುತ್ತಿದ್ದಾಳೆ, ಮೂವರೂ ಸೇರಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಶಿವಾ ಎಂದು ಎತ್ತಿದರು, ಕುರ್ಚಿ ಒಂದು ಗೇಣು ಏರಿತು, ಫಟ್ ಎಂದು ಅವರು ಹಿಡಿದಿದ್ದ ಕಾಲೇ ಸೀಳಿತು, ನಾನು ಪುನಃ ಮಂಚದ ಮೇಲೆ, ಹುಲಿಗೆವ್ವ ಸೊಂಟ ಹಿಡಿದುಕೊಂಡು ಅಂದಳು, ಅಯ್ಯ ಅಜ್ಜಾರು ಅದಾರೋ ರೋಡ್ ರೋಲರ್ ಅದಾರೋ, ಆಗ ನಕ್ಕವನು ನಾನೇ ಮೊದಲು, ನಗು ಬಂದಾಗಲೇ ಬುದ್ಧಿಯೂ ಬಂತು, ಹಳೆಯ ಗೋದಾಮಿನ ಮಾಳಿಗೆಯಿಂದ ಹತ್ತಿಯ ಅಂಡಿಗೆಗಳನ್ನು ಎಂದಾದರೂ ಹೊತ್ತು ಇಳಿಸಿದ್ದೆವೇ, ಗೋಣಿತಟ್ಟಿನ ಮೇಲೆ ಕೂರಿಸಿ ಒಂದೊಂದೇ ಮೆಟ್ಟಿಲು ಜಾರಿಸುತ್ತಿದ್ದೆವು, ಮೇಲೆ ಇಬ್ಬರು ಜಗ್ಗಿ ಹಿಡಿಯುವವರು, ಕೆಳಗೆ ಒಬ್ಬ ತಡೆಯುವವನು, ಎತ್ತಬ್ಯಾಡ್ರಿ, ಜಾರಸ್ರಿ, ಎಂದೆ, ನನ್ನ ಹಳೆಯ ದನಿ ಬಂತು, ಮಿಲ್ಲು ನಿಲ್ಲಿಸುವ ದನಿ, ಆ ಕೌದಿ ತಗೀರಿ, ಎರಡು ಮಡಿಕಿ ಹಾಕ್ರಿ, ನನ್ನ ಅದರ ಮ್ಯಾಲೆ ಕುಂಡ್ರಸ್ರಿ — ದಾನವ್ವ ಹೊಲಿದ ಕೌದಿ, ಅವಳ ಸೀರೆ ನನ್ನ ಧೋತರ ಎಲ್ಲ ಸೇರಿಸಿ ದಪ್ಪಗೆ ಹೊಲಿದಿದ್ದಾಳೆ, ಅದು ನನ್ನ ಕುಂಡಿಯ ಕೆಳಗೆ ಮೆಟ್ಟಿಲ ಮೇಲೆ ಹೋಗುತ್ತದೆಂದು ಗೊತ್ತಿದ್ದರೆ ಇನ್ನೊಂದು ಪದರ ಹಾಕುತ್ತಿದ್ದಳು, ಅಂಥವಳು.

ನುಣುಪು ನೆಲದ ಮೇಲೆ ಮೆಟ್ಟಿಲ ತನಕ ಎಳೆದದ್ದು ಸುಲಭವಾಯಿತು, ಮನೆಯ ಬಾಗಿಲು ಎಳೆದುಕೊಂಡರು, ಎಲ್ಲರ ಮೂಗಿಗೂ ಒದ್ದೆ ಬಟ್ಟೆ, ಮದೀನಾಬಿ ಹುಲಿಗೆವ್ವ ಹಿಂದೆ ಕೌದಿಯ ಮೂಲೆ ಮುಂಗೈಗೆ ಸುತ್ತಿಕೊಂಡರು, ಮುಂದೆ ಕೆಳಗಿನ ಮೆಟ್ಟಿಲಲ್ಲಿ ಸೌಮ್ಯಾ, ರಾಡು ಹಾಕಿದ ಕಾಲು ನೆಟ್ಟಗೆ ಇರಬೇಕಲ್ಲ, ಅದರ ಕಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹಿಮ್ಮುಖವಾಗಿ ಇಳಿಯುವವಳು, ನನ್ನ ಧೋತರ ಮೇಲೇರಿತು, ನಾಚಿಕೆಯಿಂದ ಎರಡೂ ಕೈ ಅಲ್ಲಿಗೇ ಹೋದವು, ಸೌಮ್ಯಾ ಅದರ ಅಂಚು ಎಳೆದು ತೊಡೆಯ ನಡುವಿಂದ ಹಿಂದಕ್ಕೆ ದಾಟಿಸಿದಳು, ಹುಲಿಗೆವ್ವ ಸಿಕ್ಕಿಸಿದಳು, ಕುಸ್ತಿಯ ಕಚ್ಚೆಯ ಹಾಗೆ, ಈಗ ಕೈ ಖಾಲಿ ಆದವಲ್ರಿ, ಮೆಟ್ಟಲಕ್ಕ ಒತ್ತ್ರಿ, ಎಂದಳು ಸೌಮ್ಯಾ, ಒತ್ತಿದೆ, ಬಿಡ್ರಿ ಎಂದೆ, ಹಿಂದಿನವರು ಸಡಿಲಿಸಿದರು, ಧಪ್, ಒಂದು ಮೆಟ್ಟಿಲು, ಬೆನ್ನುಹುರಿಯಲ್ಲಿ ಚುಳ್ ಎಂದಿತು, ಕಣ್ಣು ಕತ್ತಲೆ ಬಂತು, ನೋವಾತೇನ್ರಿ, ಇಲ್ಲ ಬಿಡ್ರಿ, ಧಪ್, ಬಿಡ್ರಿ, ಧಪ್, ಒಂದು ಲಯ ಹತ್ತಿತು, ಹೊಗೆಗೆ ಕೆಮ್ಮು ಬಂತು, ನಿಲ್ಲದ ಕೆಮ್ಮು, ಪಾಪ ಸೌಮ್ಯಾ, ಎಷ್ಟು ಲೋಟ ಚಹಾ ಎಂದು ಲೆಕ್ಕ ಹಿಡಿಯಬೇಕು, ನಗು ಕೆಮ್ಮು ಎರಡೂ ಕೂಡಿದವು, ನಗಬ್ಯಾಡ್ರಿ ಅಜ್ಜಾರ ಕೌದಿ ಕೈ ಬಿಡತೈತಿ ಎಂದು ಹುಲಿಗೆವ್ವ ಬೈದಳು — ಹಿಂದೊಮ್ಮೆ ಸುಳ್ಳದಲ್ಲಿ ಕುಸ್ತಿ ಗೆದ್ದಾಗ ನಾಲ್ವರು ನನ್ನನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿಸಿದರು, ಹಲಗೆ ಬಾರಿಸುತ್ತ, ಗುಲಾಲು ತೂರುತ್ತ, ಹೆಗಲು ನೊಂದಿತೇನು ಎಂದು ಯಾರನ್ನೂ ಕೇಳಲಿಲ್ಲ, ಹೊರುವವರ ಮುಖವೇ ಕಂಡಿರಲಿಲ್ಲ, ಮೇಲೆ ಕೂತವನಿಗೆ ಬರೀ ರುಮಾಲುಗಳು ಕಾಣುತ್ತವೆ, ಇಂದು ಮಾತ್ರ ಮುಖ ಕಾಣುತ್ತಿದೆ, ಒಂದು ಮೊಳದ ದೂರದಲ್ಲಿ, ಎರಡು ವರ್ಷ ನನ್ನ ಮನೆಯಲ್ಲಿದ್ದ ಮುಖ, ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು ಇದೆ, ಇದು ಯಾವಾಗ ಆಯಿತು, ಹೆಣ್ಣು ನೋಡಲು ಗಬ್ಬೂರಿಗೆ ಹೋದಾಗ ನಾನು ನೋಡಿದ್ದು ಏನು, ಉಪ್ಪಿಟ್ಟಿನ ಪ್ಲೇಟೇ ಇರಬೇಕು.

ಎರಡನೆಯ ಮಹಡಿ ದಾಟಿ ತಿರುವಿನಲ್ಲಿ ಹೊಗೆ ಒಮ್ಮೆಲೇ ಕವಿಯಿತು, ಲಿಫ್ಟಿನ ಬಾಗಿಲ ಸಂದಿಯಿಂದ ನುಗ್ಗುತ್ತಿತ್ತು, ಯಾರ ಮುಖವೂ ಕಾಣಲಿಲ್ಲ, ಹಿಂದೆ ಹುಲಿಗೆವ್ವ ಕೆಮ್ಮಿ ಕೆಮ್ಮಿ ವಾಂತಿ ಬಂದ ಹಾಗೆ ಮಾಡಿದಳು, ಕೌದಿಯ ಮೂಲೆ ಅವಳ ಕೈ ಬಿಟ್ಟಿತು, ಮದೀನಾಬಿ ಒಬ್ಬಳೇ ಜಗ್ಗಿದಳು, ಯಾ ಅಲ್ಲಾ, ನಾನು ವಾರೆಯಾಗಿ ಜಾರಿದೆ, ಧಪ್ ಧಪ್ ಧಪ್, ಹಿಡಿಯಲು ಏನೂ ಇಲ್ಲ, ಮುಗಿಯಿತು, ಈ ಮಣಭಾರ ಹೋಗಿ ಆ ಹುಡುಗಿಯ ಮೇಲೆ ಬೀಳುತ್ತದೆ, ಅವಳು ಹಿಂದಕ್ಕೆ ಬಿದ್ದರೆ ತಲೆ ಒಡೆಯುತ್ತದೆ, ಸರೀ ಸೌಮ್ಯಾ, ಸರೀ ದೂರ, ಎಂದು ಕೂಗಿದೆ, ಹೆಸರು ಹಿಡಿದು ಕೂಗಿದ್ದು ಅದೇ ಮೊದಲು — ಜಾರುವುದು ನಿಂತಿತು, ನನ್ನ ಒಳ್ಳೆಯ ಕಾಲಿನ ಅಂಗಾಲು ಯಾವುದೋ ಗಟ್ಟಿಯಾದದ್ದಕ್ಕೆ ತಾಗಿ ನಿಂತಿತ್ತು, ಅದು ಅವಳ ಹೆಗಲು, ಒಂದು ಮಂಡಿ ಮೆಟ್ಟಿಲಿಗೆ ಊರಿ, ತಲೆ ತಗ್ಗಿಸಿ, ಹೆಗಲು ಕೊಟ್ಟು, ನೋಯುವ ಕಾಲಿನ ಕಣಕಾಲನ್ನು ಎದೆಗೆ ಅವುಚಿಕೊಂಡು ಹಿಡಿದಿದ್ದಳು, ಗರಡಿಯಲ್ಲಿ ಬೆಳೆದವನಿಗೆ ಗೊತ್ತಾಗುತ್ತದೆ, ಅದು ಅಂಜಿದವರು ಹಿಡಿದ ಹಿಡಿತವಲ್ಲ, ಕಲಿತವರದು, ಹುಲಿಗೆವ್ವಾ ಮೂಲಿ ಹಿಡಿ, ಮದೀನಾಬಿ ಚಾಚಿ ಗ್ವಾಡಿಗೆ ಆನಕೋರಿ, ಮಾವಾರ ಉಸರು ಬಿಗಿ ಹಿಡೀರಿ, ಎಂದು ಕೂಗುತ್ತಿದ್ದಾಳೆ, ಇಡೀ ಮೆಟ್ಟಿಲಸಾಲು ಗುಂಯ್‌ಗುಡುತ್ತಿದೆ, ಗೋಡೆಗೆ ಪಿಸುಗುಡುತ್ತಿದ್ದವಳ ಒಳಗೆ ಇಂಥ ದನಿ ಇತ್ತೇ, ನನ್ನ ದನಿ ಇದರ ಮುಂದೆ ಏನು, ನಾವು ಮೂವರೂ ಹೇಳಿದ ಹಾಗೆ ಕೇಳಿದೆವು, ಬಿಡ್ರಿ, ಧಪ್, ಈಗ ಬಿಡ್ರಿ ಎನ್ನುವವಳೂ ಅವಳೇ, ಮೊದಲನೆಯ ಮಹಡಿಯಲ್ಲಿ ಹೊಗೆ ತೆಳುವಾಯಿತು, ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಉಸಿರಿಗೆಂದು ಕೂತಾಗ ಕೇಳಿಯೇಬಿಟ್ಟೆ, ಎಲ್ಲಿ ಕಲತಿ ಇದನ್ನ, ಅವಳು ಒದ್ದೆ ಟವೆಲ್ಲಿನಿಂದ ಮುಖ ಒರೆಸಿಕೊಂಡಳು, ಮಸಿ ಇನ್ನಷ್ಟು ಹರಡಿತು, ಕಾಲೇಜಿನ್ಯಾಗ ಕಬಡ್ಡಿ ಆಡತಿದ್ನಿರಿ, ಲೆಫ್ಟ್ ಕಾರ್ನರ್, ಕಾಲು ಹಿಡದ್ರ ಬಿಡ್ತಿದ್ದಿಲ್ಲ, ಹುಬ್ಬಿಗೆ ಅದು, ಅಲ್ಲೇ ಬಿದ್ದದ್ದೇನು, ಎಂದೆ, ಹೌದ್ರಿ, ಯುನಿವರ್ಸಿಟಿ ಮ್ಯಾಚಿನ್ಯಾಗ, ಆದ್ರ ರೇಡಿಗೆ ಬಂದಾಕಿನ್ನ ಔಟ್ ಮಾಡೇ ಬಿದ್ನಿ, ಎಂದು ಹಲ್ಲು ಬಿಟ್ಟಳು, ಯಾಕ ಹೇಳಲಿಲ್ಲ ನೀ ಇಷ್ಟು ದಿನ, ಎಂದೆ, ಎಂಥ ದಡ್ಡ ಪ್ರಶ್ನೆ, ಯಾರಿಗೆ ಹೇಳಬೇಕಿತ್ತು ಅವಳು, ಗೋಡೆಗೇ, ಮದುವೆಯ ಮಾತಾಡುವಾಗ ನಾವು ಕೇಳಿದ್ದು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು, ಬರುತ್ತದೆ ಎಂದಳು, ಅಲ್ಲಿಗೆ ಮುಗಿಯಿತು, ಒಂದೇ ಸೂರಿನ ಕೆಳಗೆ ಒಬ್ಬ ಪೈಲ್ವಾನ, ಒಬ್ಬಳು ಕಬಡ್ಡಿ ಆಟಗಾರ್ತಿ, ಎರಡು ವರ್ಷ ಕೆಮ್ಮಿಕೊಂಡು ಕೂತಿದ್ದೆವು, ಗರಡಿಯ ಕುಸ್ತಿಯ ಮಾತು ಕೇಳುವವರಿಲ್ಲ ಎಂದು ನಾನು ಕಿಟಕಿ ನೋಡುತ್ತಿದ್ದೆನಲ್ಲ, ಕೇಳುವವಳು ಪಕ್ಕದ ಕೋಣೆಯಲ್ಲೇ ಅಕ್ಕಿ ಆರಿಸುತ್ತಿದ್ದಳು.

ಕೊನೆಯ ಮೆಟ್ಟಿಲು, ಧಪ್, ಬಿಸಿಲು, ಕಟ್ಟಡದ ಹೆಂಗಸರೆಲ್ಲ ಅಂಗಳದಲ್ಲಿ, ಓಣಿಯ ಜನ ಗೇಟಿನ ತುಂಬ, ಕುಬೇರಪ್ಪ ಸಾವಕಾರ್ರು, ಕುಬೇರಪ್ಪ ಸಾವಕಾರ್ರು, ಎನ್ನುತ್ತಿದ್ದಾರೆ, ಕಚ್ಚೆ ಕಟ್ಟಿಕೊಂಡು ಮಸಿ ಬಳಿದುಕೊಂಡು ಕೌದಿಯ ಮೇಲೆ ಕೂತ ನನ್ನನ್ನು ಎಲ್ಲರೂ ನೋಡುತ್ತಿದ್ದಾರೆ, ನೋಡಲಿ, ಬೇವಿನ ಗಿಡದ ನೆರಳಿಗೆ ಎಳೆದು ಕೂರಿಸಿದರು, ಗಂಟೆ ಬಾರಿಸುತ್ತ ಫೈರ್ ಗಾಡಿ ಬಂತು, ಟೊಪ್ಪಿಗೆಯವರು ಮೇಲೆ ಓಡಿದರು, ಸ್ವಲ್ಪ ಹೊತ್ತಿಗೆ ಒಬ್ಬ ಇಳಿದು ಬಂದು ಹೇಳಿದ, ಆರೇತ್ರಿ, ಮೋಟರು ಅಷ್ಟ ಸುಟ್ಟೇತಿ, ಯಾರಿಗೂ ಏನೂ ಆಗಿಲ್ಲ, ಹುಲಿಗೆವ್ವ ಆಗಲೇ ಗೇಟಿನ ಬಳಿ ಮೂರನೆಯ ಸಲ ಕಥೆ ಹೇಳುತ್ತಿದ್ದಾಳೆ, ಅದರಲ್ಲಿ ಬೆಂಕಿ ಎರಡನೆಯ ಮಹಡಿಗೆ ಬಂದಿದೆ, ಮದೀನಾಬಿ ಅಂಗೈಯ ಬೊಬ್ಬೆಗಳನ್ನು ಊದಿಕೊಳ್ಳುತ್ತ, ಅಣ್ಣಾರ, ಒಂದ್ ನಾಕು ಕಿಲೋ ಇಳಸ್ರಿ ಇನ್ನ, ಎನ್ನುತ್ತಾಳೆ, ಫೈರ್‌ನವನು ಸ್ಟ್ರೆಚರ್ ತರಸ್ತೇನಿ, ನಾವೇ ಮ್ಯಾಲೆ ಒಯ್ದು ಬಿಡ್ತೇವಿ ಎಂದ, ಗಡಬಡಿ ಇಲ್ಲಪಾ, ಇಲ್ಲಿ ಗಾಳಿ ಛಲೋ ಐತಿ, ಎಂದೆ, ಯಾರೋ ಚಹಾ ತಂದರು, ಮೊದಲ ಕಪ್ಪು ನನಗೆ ಕೊಟ್ಟರು, ನಾನು ಅದನ್ನು ಸೌಮ್ಯಾಳಿಗೆ ಕೊಟ್ಟೆ, ತಗೋವಾ, ಬ್ಯಾಡ್ರಿ ನೀವು ಕುಡೀರಿ, ತಗೋ ಅಂದ್ರ ತಗೋ, ಕೌದಿಯ ಅಂಚಿನ ಮೇಲೆಯೇ ಕೂತು ಎಡಗೈಯಲ್ಲಿ ತೆಗೆದುಕೊಂಡಳು, ಎಡಗೈಯಲ್ಲಿ ಯಾಕೆ, ಹಿರಿಯರು ಕೊಟ್ಟದ್ದನ್ನು ಬಲಗೈಯಲ್ಲಲ್ಲವೇ, ಎಂದು ಕೆಳಗೆ ನೋಡಿದೆ, ಬಲಗೈ ನನ್ನ ಕಣಕಾಲಿನ ಮೇಲಿದೆ, ಬಿಡಲು ಮರೆತಿದ್ದಾಳೆ, ಓಣಿಯ ಯಾರಿಗೋ ಏನೋ ಹೇಳಿ ನಗುತ್ತಿದ್ದಾಳೆ, ಚಹಾ ಊದುತ್ತಿದ್ದಾಳೆ, ಶಿವಯೋಗೀಶನಿಗೆ ಫೋನು ಹೋಯಿತೇ ಎಂದು ವಾಚಮನ್‌ನನ್ನು ಕೇಳುತ್ತಿದ್ದಾಳೆ, ಕೈ ಮಾತ್ರ ಅಲ್ಲೇ, ಒಡೆದ ಬಳೆ ಗೀರಿದಲ್ಲಿ ರಕ್ತ ಒಣಗಿದೆ, ಉಗುರುಗಳಲ್ಲಿ ಮಸಿ, ಹೆಬ್ಬೆರಳು ನನ್ನ ಎಲುಬಿನ ಮೇಲೆ ಗಟ್ಟಿಯಾಗಿ, ಕಾಲು ಜೋಮು ಹಿಡಿಯುತ್ತಿದೆ, ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ನೆನಪಾಗಿ ತೆಗೆದುಬಿಡುತ್ತಾಳೆ, ಗಂಟಲಲ್ಲಿ ಕೆಮ್ಮು ಬರುತ್ತಿದೆ, ಬೇಡ, ನುಂಗಿಕೊಂಡೆ, ಮಸಿಯ ಬೆರಳುಗಳು, ನನ್ನ ಬಿಳಿಚಿದ ಕಣಕಾಲು, ಆ ಕೈ, ಇನ್ನೂ ಆ ಕೈ —