ಹಿಸಾನೊ ಕೈಗೆ ಬಂದ ಬೀಸಣಿಗೆ

ಕುರುಮೆ ಪಟ್ಟಣದ ರೈಲು ಸೇತುವೆಯ ಕೆಳಗೆ ಕಾನ್‌ಜಿಯದೊಂದು ಯಾಕಿತೋರಿ ಅಂಗಡಿ. ಕೋಳಿ ತುಂಡುಗಳನ್ನು ಬಿದಿರುಕಡ್ಡಿಗೆ ಪೋಣಿಸುವುದು ಹೆಂಡತಿ ಹಿಸಾನೊ ಕೆಲಸ, ಕೆಂಡದ ಮೇಲೆ ಸುಡುವುದು ಅವನ ಕೆಲಸ. ಮದುವೆಯಾದಾಗಿನಿಂದ ಹೀಗೇ. ಬೆಂಕಿಯ ಹತ್ತಿರ ಅವಳನ್ನು ಅವನು ಬಿಟ್ಟುಕೊಂಡವನೇ ಅಲ್ಲ.

ಒಂದು ಬೆಳಿಗ್ಗೆ ಬಿಯರ್ ಕ್ರೇಟು ಇಳಿಸುವಾಗ ಕಾನ್‌ಜಿ ಜಾರಿಬಿದ್ದು ಬಲಗೈ ಮುರಿದುಕೊಂಡ. ಕೈಗೆ ಕಟ್ಟು ಹಾಕಿಸಿಕೊಂಡು ಬಂದವನೇ, "ಕೈ ಸರಿಹೋಗೋವರೆಗೂ ಅಂಗಡಿ ಬಂದ್" ಎಂದ.

"ಪೋಣಿಸಿಟ್ಟಿರೋ ಕೋಳೀನ ಏನ್ರೀ ಮಾಡ್ಲಿ? ಹಾರೋಕೆ ಬಿಡ್ಲಾ?" ಎನ್ನುತ್ತ ಹಿಸಾನೊ ಇದ್ದಿಲು ಹೊತ್ತಿಸಿಯೇಬಿಟ್ಟಳು.

ಸಂಜೆ ಕಾನ್‌ಜಿ ಗಿರಾಕಿಗಳ ಸಾಲಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂತ. ಪಕ್ಕದಲ್ಲಿ ಕ್ಷೌರದಂಗಡಿಯ ಎತ್ಸುರೊ. ಮೊದಲ ಸರದಿಯ ಕೋಳಿಚರ್ಮ ಕರಕಲಾಯಿತು.

"ತಿರುಗಿಸು! ಅಯ್ಯೋ, ಅದಲ್ಲ, ಆ ಕಡೇದು!" ಕಾನ್‌ಜಿ ಕೂಗಿದ.

"ರೀ, ಗಿರಾಕಿ ಬಾಯಿರೋದು ತಿನ್ನೋಕೆ," ಎಂದಳು ಹಿಸಾನೊ.

ಎತ್ಸುರೊ ಬಿದ್ದು ಬಿದ್ದು ನಕ್ಕ. "ಸುಮ್ನಿರಪ್ಪ ಕಾನ್‌ಜಿ. ನಾನು ಕೂದಲು ಕತ್ತರಿಸೋವಾಗ ನೀನು ಹಿಂಗೆ ಕಿರುಚ್ತೀಯಾ?"

ಹಿಸಾನೊಗೆ ಒಳಗೊಳಗೇ ಅಳುಕು. ಆದರೂ ಕೆಂಡಕ್ಕೆ ಗಾಳಿ ಹಾಕುವ ಬೀಸಣಿಗೆ ಕೆಳಗಿಡಲಿಲ್ಲ. ಕೊಬ್ಬು ಚಟಪಟ ಅನ್ನುವಾಗ ಕಾದಳು, ಸದ್ದು ಸಣ್ಣಗಾದೊಡನೆ ತಿರುಗಿಸಿದಳು. ಹೊಂಬಣ್ಣಕ್ಕೆ ಬಂದ ಕಡ್ಡಿಗೆ ಉಪ್ಪು ಉದುರಿಸಿ ಗಂಡನ ತಟ್ಟೆಗಿಟ್ಟಳು.

ಅವನು ಕಚ್ಚಿದ. ಇಷ್ಟು ವರ್ಷ ಅವನು ತಿಂದಿದ್ದೆಲ್ಲ ಮಿಕ್ಕಿದ್ದು, ಆರಿದ್ದು, ಅದೂ ನಿಂತುಕೊಂಡೇ. ಬಿಸಿಬಿಸಿ ಕಡ್ಡಿ, ತಣ್ಣನೆಯ ಬಿಯರು, ಪಕ್ಕದಲ್ಲಿ ಹರಟೆಗೊಬ್ಬ ಗೆಳೆಯ! ಇಂಥ ಸುಖ ತನ್ನ ಅಂಗಡಿಯಲ್ಲೇ ಇದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

"ಹೆಂಗಿದೆ?" ಹಿಸಾನೊ ಕೇಳಿದಳು.

"ಇನ್ನೆರಡು ಕೊಡು," ಎಂದನಷ್ಟೇ. ಅವಳ ಮುಖ ಕೆಂಡಕ್ಕಿಂತ ಕೆಂಪಾಯಿತು.

ಬೇಸಿಗೆ ಕಳೆಯುವ ಹೊತ್ತಿಗೆ ಕೈಯ ಕಟ್ಟು ಬಿಚ್ಚಿದರು. ಅಂದು ಸಂಜೆ ಹಿಸಾನೊ ಒಲ್ಲದ ಮನಸ್ಸಿನಿಂದಲೇ ಬೀಸಣಿಗೆ ಚಾಚಿದಳು. "ತಗೊಳ್ಳಿ, ನಿಮ್ಮ ಜಾಗ."

ಕಾನ್‌ಜಿ ಬಲಗೈಯಲ್ಲಿ ಬಿಯರ್ ಲೋಟ ಎತ್ತಿ ಹಿಡಿದು ಮುಖ ಹಿಂಡಿದ. "ಇನ್ನೂ ನೋವು ಕಣೇ."

"ಅದೇ ಕೈಯಲ್ಲಿ ಲೋಟ ಎತ್ತಿದೀಯಲ್ಲೋ!" ಎತ್ಸುರೊ ಕೂಗಿದ.

"ಲೋಟ ಎತ್ತಿದ್ರೆ ನೋಯಲ್ಲ. ಬೀಸಣಿಗೆ ಹಿಡಿದ್ರೆ ನೋಯುತ್ತೆ."

ಅಂಗಡಿಯೆಲ್ಲ ನಗು. ಹಿಸಾನೊ ಬೀಸಣಿಗೆಯನ್ನು ಹಿಂದಕ್ಕೆಳೆದುಕೊಂಡಳು. "ಹಂಗಾದ್ರೆ ನಾಳೆಯಿಂದ ಪೋಣಿಸೋದು ನೀವು."

"ಆಗಲಿ," ಎಂದ ಕಾನ್‌ಜಿ. "ಈಗ ಕೋಳಿಚರ್ಮ ಕೊಡು, ಗರಿಗರಿಯಾಗಿರಲಿ."