ಬೀಗರ ಬೀದಿಯಲ್ಲಿ ನಮ್ಮ ಕಾರು

ಮಗಳು ಕಲೀನಾ ಫೋನಿನಲ್ಲಿ ಒಂದಲ್ಲ, ಹತ್ತು ಸಲ ಹೇಳಿದ್ದಳು. "ಅಮ್ಮಾ, ಬರ್ಲಿನ್ ಒಳಗೆ ನಮ್ಮ ಡೀಸೆಲ್ ಕಾರು ತರೋ ಹಾಗಿಲ್ಲ. ಹೊಗೆ ಜಾಸ್ತಿ ಅಂತ ಹಳೇ ಕಾರುಗಳನ್ನ ಬಿಡೋದಿಲ್ಲ ಇಲ್ಲಿ. ಊರಾಚೆ ಸ್ಟೇಷನ್ನಲ್ಲಿ ನಿಲ್ಲಿಸಿ ರೈಲಲ್ಲಿ ಬನ್ನಿ. ಫೋಲ್ಕ್‌ಮಾರ್ ಇದನ್ನೆಲ್ಲ ತುಂಬಾ ಮನಸ್ಸಿಗೆ ಹಚ್ಕೊಂಡಿರೋರು. ನನ್ನ ಮರ್ಯಾದೆ ಉಳಿಸಿ." ಫೋಲ್ಕ್‌ಮಾರ್ ಎಂದರೆ ಅವಳು ಮದುವೆಯಾಗಲಿರುವ ಹುಡುಗನ ತಂದೆ, ನಮ್ಮ ಬೀಗರಾಗುವವರು.

ನನ್ನ ಗಂಡ ಮಿರೆಕ್ ಫೋನ್ ಕಸಿದುಕೊಂಡು, "ಆಯ್ತು ಕಣಮ್ಮಾ, ರೈಲಲ್ಲೇ ಬರ್ತೀವಿ, ಸಾಕಾ?" ಎಂದು ಮಾತು ಕೊಟ್ಟ. ಫೋನ್ ಇಟ್ಟವನೇ ನನ್ನ ಮೇಲೆ ಹರಿಹಾಯ್ದ. "ಹಂಡೆ, ಜಾಡಿ ಎಲ್ಲ ತಲೆ ಮೇಲೆ ಹೊತ್ಕೊಂಡು ರೈಲು ಹತ್ತೋಣ ಅಂತೀಯಾ? ಬೀಗರ ಮುಂದೆ ತಿರುಪೆಯವರ ಥರ?"

ನಮ್ಮ ಪೋಲಿಷ್ ಊರು ಲೆಗ್ನಿತ್ಸಾದಲ್ಲಿ ಹಾಗೇ. ಬೀಗರ ಮನೆಗೆ ಮೊದಲ ಸಲ ಹೋಗುವುದೆಂದರೆ ಕಾರಿನ ಡಿಕ್ಕಿ ತುಂಬಲೇಬೇಕು. ಹುಳಿ ಸೌತೆಕಾಯಿ, ಮನೆಯಲ್ಲೇ ಹೊಗೆ ಹಾಕಿದ ಸಾಸೇಜು, ಎಲೆಕೋಸು ಮಾಂಸ ಬೇಯಿಸಿದ ಹಂಡೆ, ಗಸಗಸೆ ಕೇಕು. ಒಲೆ ಮುಂದೆ ನಿಂತು ಸೊಂಟ ಮುರಿದುಕೊಂಡವಳು ನಾನೇ. ಆದ್ದರಿಂದ ಮಿರೆಕ್ ಗುಜರಿ ಅಂಗಡಿಗೆ ಹೋಗಿ, ಜಜ್ಜಿಹೋದ ಯಾವುದೋ ಕಾರಿನ ಗಾಜಿನಿಂದ ಜರ್ಮನಿಯ ಹಸಿರು ಸ್ಟಿಕ್ಕರ್ ಎಬ್ಬಿಸಿ ತಂದಾಗ ನಾನು ಅಡ್ಡ ಬರಲಿಲ್ಲ. ಹೊಗೆ ಕಡಿಮೆ ಬಿಡುವ ಕಾರಿಗೆ ಮಾತ್ರ ಅದನ್ನು ಕೊಡುವುದು.

"ಇದರ ಮೇಲೆ ಬೇರೆ ಕಾರಿನ ನಂಬರ್ ಬರ್ದಿದೆಯಲ್ಲೋ ಮಾರಾಯಾ," ಎಂದೆ.

"ಪೆನ್ನಲ್ಲಿ ಗೀಚಿರೋದು, ಬಿಸಿಲಿಗೆ ಮಾಸಿದೆ. ಯಾವನು ಕನ್ನಡಕ ಹಾಕ್ಕೊಂಡು ಓದೋಕೆ ಬರ್ತಾನೆ? ಸುಮ್ನಿರು."

ಸುಮ್ಮನಿದ್ದೆ. ನನ್ನ ಹಂಡೆಯ ಮೇಲೆ ನನಗೆ ಅಷ್ಟು ಮೋಹ.

ಶನಿವಾರ ಬರ್ಲಿನ್ ತಲುಪಿದೆವು. ಬೀಗರ ಮನೆಯಿಂದ ಎರಡು ಬೀದಿ ಆಚೆ ಕಾರು ನಿಲ್ಲಿಸಿ, ಸ್ಟೇಷನ್ ಕಡೆಯಿಂದ ಬಂದವರ ಹಾಗೆ ಕಾಣಲಿ ಎಂದು ಸುತ್ತು ಹಾಕಿಕೊಂಡು ಬಂದೆವು. ಬಾಗಿಲು ತೆರೆದ ಕಲೀನಾ ಹಂಡೆ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಇಷ್ಟೆಲ್ಲ ರೈಲಲ್ಲಿ ಹೊತ್ಕೊಂಡು ಬಂದ್ರಾ? ನನಗೋಸ್ಕರ?" ಎಂದು ಅಪ್ಪನನ್ನು ತಬ್ಬಿಕೊಂಡು ಅತ್ತೇ ಬಿಟ್ಟಳು. ಮಿರೆಕ್ ಅವಳ ಬೆನ್ನು ತಟ್ಟುತ್ತಾ ಗೋಡೆ ನೋಡುತ್ತಿದ್ದ. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಫೋಲ್ಕ್‌ಮಾರ್ ಎತ್ತರದ, ಮೆತ್ತಗಿನ ಮನುಷ್ಯ. ಎರಡು ಸಲ ಬಡಿಸಿಕೊಂಡು ಉಂಡರು. ಊಟದ ನಡುವೆ ಲೋಟ ಎತ್ತಿ ಏನೋ ಹೇಳಿದರು. ಕಲೀನಾ ನಮಗೆ ಪೋಲಿಷ್‌ನಲ್ಲಿ ಹೇಳಿದಳು.

"ಅವರ ಹತ್ರನೂ ಹಳೇ ಡೀಸೆಲ್ ಕಾರು ಇತ್ತಂತೆ. ಇಲ್ಲಿ ಕಾನೂನು ಬಂದ ಮೇಲೆ ನಮ್ಮ ದೇಶದವರೊಬ್ಬರಿಗೆ ಮಾರಿಬಿಟ್ರಂತೆ. ಆಮೇಲೆ ನಾಚಿಕೆ ಆಯ್ತಂತೆ. ನನ್ನ ಬೀದಿ ಚೊಕ್ಕ ಮಾಡ್ಕೊಂಡು ಹೊಗೆನ ಇನ್ನೊಬ್ಬರ ಮಕ್ಕಳ ಮೂಗಿಗೆ ಕಳಿಸಿದೆ ಅಂತ. ಅಂಥಾ ಕಡೆಯಿಂದ ಬಂದ ನೀವು ನಮ್ಮ ಗಾಳಿಗೆ ಬೆಲೆ ಕೊಟ್ಟು ಇಷ್ಟು ಭಾರ ಹೊತ್ಕೊಂಡು ಬಂದ್ರಲ್ಲ, ನಿಮ್ಮನ್ನ ಮರೆಯಲ್ಲ ಅಂತಿದಾರೆ."

ಈಗ ಹೇಳು, ಈಗಲಾದರೂ ಹೇಳು ಎಂದು ಮೇಜಿನ ಕೆಳಗೆ ಮಿರೆಕ್‌ನ ಕಾಲು ತುಳಿದೆ. ಆ ಮೊಂಡ ಲೋಟ ಎತ್ತಿ ಗಟಗಟನೆ ಕುಡಿದ.

ಹೊರಡುವಾಗ ಹೊಸ ಪೇಚಿಗೆ ಸಿಕ್ಕಿಕೊಂಡೆವು. ಫೋಲ್ಕ್‌ಮಾರ್ ಹಂಡೆ ತೊಳೆದು ಒರೆಸಿ ತಾವೇ ಎತ್ತಿಕೊಂಡರು. ಸ್ಟೇಷನ್ ತನಕ ಬಂದು ರೈಲು ಹತ್ತಿಸಿಯೇ ಹೋಗುವುದಂತೆ. ಬೇಡ ಎಂದರೆ ಕೇಳಬೇಕಲ್ಲ! ಕಲೀನಾಳೂ ಜೊತೆಗೆ ಹೊರಟಳು. ಅದೂ ಒಳದಾರಿ ಇದೆ ಎಂದು ಅವರು ಹೊರಳಿದ್ದು ನಾವು ಕಾರು ನಿಲ್ಲಿಸಿದ್ದ ಬೀದಿಗೇ.

ವೈಪರ್ ಅಡಿಯಲ್ಲಿ ದಂಡದ ಚೀಟಿ ಸಿಕ್ಕಿಸಿತ್ತು. ಮಿರೆಕ್ ಕತ್ತು ತಿರುಗಿಸದೆ ಮುಂದೆ ಹೋದ. ಆದರೆ ಫೋಲ್ಕ್‌ಮಾರ್ ನಂಬರ್ ಪ್ಲೇಟ್ ನೋಡಿ ನಿಂತರು, ಖುಷಿಯಿಂದ ಏನೋ ಕೇಳಿದರು.

ಕಲೀನಾ ಕಾರು ನೋಡಿದಳು. ಗೇರು ಹಾಕುವುದನ್ನು ಅವಳು ಕಲಿತದ್ದೇ ಆ ಕಾರಿನಲ್ಲಿ.

"ನಿಮ್ಮೂರಿನ ಕಾರು, ಪಾಪ, ಇಲ್ಲಿಯ ಕಾನೂನು ಗೊತ್ತಿಲ್ಲದೆ ಸಿಕ್ಕಿಬಿದ್ದಿದಾರೆ, ನಿಮಗೆ ಪರಿಚಯದವರಾ ಅಂತ ಕೇಳ್ತಿದಾರೆ. ಅಪ್ಪಾ, ಯಾರದು ಈ ಕಾರು?"

"ನಂಗೇನ್ ಗೊತ್ತು? ಊರಲ್ಲಿ ಇಂಥವು ನೂರಿವೆ. ನಡಿ, ರೈಲು ಹೊರಟುಹೋಗುತ್ತೆ."

ಅವಳು ನನ್ನ ಕಡೆ ತಿರುಗಿದಳು. "ಅಮ್ಮಾ?"

"ನಮ್ದೇ ಕಣೆ," ಎಂದೆ.

ನಾನು ಹೇಳಿದ್ದು ಪೋಲಿಷ್‌ನಲ್ಲಿ. ಫೋಲ್ಕ್‌ಮಾರ್ ಅವರಿಗೆ ಒಂದಕ್ಷರ ಅರ್ಥವಾಗಿರಲಿಲ್ಲ. ಕಲೀನಾ ಏನು ಬೇಕಾದರೂ ಹೇಳಬಹುದಿತ್ತು, ಪರಿಚಯದವರದಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಮಗಳು ನೆಟ್ಟಗೆ ನಿಂತು, ಅವರ ಮುಖ ನೋಡಿ, ಇದ್ದದ್ದನ್ನು ಇದ್ದ ಹಾಗೆ ಜರ್ಮನ್‌ನಲ್ಲಿ ಹೇಳಿದಳು.

ಫೋಲ್ಕ್‌ಮಾರ್ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಗಾಜಿನ ಹತ್ತಿರ ಬಗ್ಗಿ ಸ್ಟಿಕ್ಕರಿನ ನಂಬರ್ ಓದಿದರು, ಪ್ಲೇಟಿನದನ್ನು ಓದಿದರು. ಕಿವಿ ಕೆಂಪಾಯಿತು. ತಪ್ಪು ಮಾಡಿದವರು ತಾವೇ ಏನೋ ಎಂಬಂತೆ ನೆಲ ನೋಡಿಕೊಂಡು ಸಣ್ಣ ದನಿಯಲ್ಲಿ ಮಾತಾಡಿದರು.

"ಹಾಗಾದ್ರೆ ಹಂಡೆ ಹೊತ್ಕೊಂಡು ಹೋಗೋದು ತಪ್ಪಿತು, ಒಳ್ಳೇದಾಯ್ತು ಅಂತಿದಾರೆ," ಎಂದಳು ಕಲೀನಾ. ಅವಳ ದನಿ ಬೇರೆ ಯಾರದೋ ಇದ್ದಂತಿತ್ತು.

ಅವರೇ ಹಂಡೆಯನ್ನು ಹಿಂದಿನ ಸೀಟಿನ ಮೇಲೆ ಇಟ್ಟು, ಉರುಳದಂತೆ ಟವೆಲ್ ಒತ್ತರಿಸಿ ಬಾಗಿಲು ಹಾಕಿದರು. ಕಲೀನಾಳನ್ನು ತಬ್ಬಿಕೊಳ್ಳಲು ಹೋದೆ. ಅವಳು ಕೈ ಕಟ್ಟಿಕೊಂಡೇ ನಿಂತಿದ್ದಳು.

"ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?" ಎಂದು ಮಿರೆಕ್ ಹಲ್ಲು ಕಡಿಯುತ್ತಾ ಕೀಲಿ ತಿರುಗಿಸಿದ. ಎಂಜಿನ್ ಗುರುಗುಟ್ಟಿ, ಒದರಿ, ಹತ್ತಿಕೊಂಡಿತು. ಹಿಂದೆ ತಿರುಗಿ ನೋಡಿದೆ. ನಮ್ಮ ಕಪ್ಪು ಹೊಗೆಯೆಲ್ಲ ಫುಟ್‌ಪಾತಿನ ಮೇಲಿದ್ದ ಅವರಿಬ್ಬರಿಗೆ ಮುತ್ತಿಕೊಂಡಿತ್ತು. ಕಲೀನಾ ಆಗಲೇ ಬೆನ್ನು ತಿರುಗಿಸಿದ್ದಳು. ಫೋಲ್ಕ್‌ಮಾರ್ ಮಾತ್ರ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮುತ್ತಾ, ಇನ್ನೊಂದು ಕೈಯನ್ನು ನಮ್ಮತ್ತ ಬೀಸುತ್ತಿದ್ದರು.